ದಣಿವಾರಿಸಿಕೊಳ್ಳುವ ಹಕ್ಕು ಯಾರದು?

ಕರಾವಳಿಯ ನಮ್ಮ ಮನೆಗಳಲ್ಲಿ ‘ಅವರು ಹೊರಗಿದ್ದಾರೆ’ ಎಂಬ ಮಾತಿಗೆ ಇರುವುದು ಒಂದೇ ಅರ್ಥ. ಹೊರಗೆ ಎಂದರೆ ಗಲ್ಫ್, ಹೋಗಿರುವುದು ದುಡಿಯಲು. ಯಾಕೆ ಹೋದರು ಎಂದು ಯಾರೂ ಕೇಳುವುದಿಲ್ಲ. ಅರ್ಧ ಕಟ್ಟಿದ ಮನೆ ಇರುತ್ತದೆ, ತಂಗಿಯ ಮದುವೆ ಇರುತ್ತದೆ, ತೀರಿಸಬೇಕಾದ ಸಾಲ ಇರುತ್ತದೆ, ನಮ್ಮಂಥವರ ಕಾಲೇಜು ಫೀಸು ಇರುತ್ತದೆ. ಅಲ್ಲಿ ದುಡಿದು ದಣಿದವರು ರಜೆ ಸಿಕ್ಕಾಗ ಊರಿಗೆ ಬರುತ್ತಾರೆ. ಪರದೇಶ ದುಡಿಮೆಗೆ, ಊರು ವಿಶ್ರಾಂತಿಗೆ. ಇದು ನಮಗೆ ಗೊತ್ತಿರುವ ಲೆಕ್ಕ.

ಈಗ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಲೆಕ್ಕ ಕೇಳಿಬರುತ್ತಿದೆ. ಬೆಂಗಳೂರಿನ ಕಂಪನಿಗಳಲ್ಲಿ ಕೈತುಂಬಾ ಸಂಬಳ ಪಡೆಯುವ, ನಮಗಿಂತ ಎಂಟು-ಹತ್ತು ವರ್ಷ ದೊಡ್ಡವರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಆರು ತಿಂಗಳೋ ಒಂದು ವರ್ಷವೋ ಬೇರೆ ದೇಶದಲ್ಲಿ ಇದ್ದು ಬರುತ್ತೇವೆ ಎನ್ನುತ್ತಾರೆ. ಅವರು ಅಲ್ಲಿಗೆ ಹೋಗುವುದು ಹಣ ಗಳಿಸಲು ಅಲ್ಲ, ಓದಲೂ ಅಲ್ಲ. ತಲೆ ಹಗುರ ಮಾಡಿಕೊಂಡು ಹೊಸ ಹುರುಪಿನಿಂದ ಮರಳಲು. ಇದಕ್ಕೆ ‘ಕೆರಿಯರ್ ಬ್ರೇಕ್’ ಎಂದು ಹೆಸರು.

ಈ ವಿಷಯ ನಮ್ಮ ತರಗತಿಯಲ್ಲಿ ಚರ್ಚೆಗೆ ಬಂದಾಗ ಎರಡು ಬಗೆಯ ಮಾತು ಕೇಳಿಬಂತು. ‘ಇದೆಲ್ಲ ಹೊಟ್ಟೆ ತುಂಬಿದವರ ಆಟ’ ಎಂದರು ಕೆಲವರು. ‘ನಾನೂ ಒಂದು ದಿನ ಹೀಗೆ ಹೋಗುತ್ತೇನೆ’ ಎಂದರು ಇನ್ನು ಕೆಲವರು. ನನ್ನ ಅಭಿಪ್ರಾಯದಲ್ಲಿ ಎರಡೂ ಅರ್ಧ ಸತ್ಯ. ದಣಿದವರಿಗೆ ವಿರಾಮ ಬೇಕೇ ಬೇಕು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಒಬ್ಬರು ವಿರಮಿಸುವಾಗ ಅವರು ಕೆಳಗಿಟ್ಟ ಹೊರೆಯನ್ನು ಇನ್ನೊಬ್ಬರು ಹೊರಲೇಬೇಕಾಗುತ್ತದೆ. ಅದನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಯನ್ನು ಹೊರಡುವ ಮೊದಲೇ ಕೇಳಬೇಕು. ಆ ಪ್ರಶ್ನೆ ಕೇಳಿದರೆ, ನಮ್ಮ ಮನೆಗಳಲ್ಲಿ ಮೊದಲ ವಿರಾಮ ಸಲ್ಲಬೇಕಾದದ್ದು ನಮಗಲ್ಲ ಎಂಬುದೂ ಅರ್ಥವಾಗುತ್ತದೆ.

ದಣಿವು ಸೋಮಾರಿತನವಲ್ಲ

ಮೊದಲು ‘ಹೊಟ್ಟೆ ತುಂಬಿದವರ ಆಟ’ ಎನ್ನುವವರಿಗೆ ಎರಡು ಮಾತು. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ನಾರಾಯಣ ಮೂರ್ತಿಯವರು, ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ದೊಡ್ಡ ಚರ್ಚೆಯೇ ನಡೆಯಿತು. ವಾರಕ್ಕೆ ಆರು ದಿನ ಎಂದು ಹಿಡಿದರೂ 70 ಗಂಟೆ ಎಂದರೆ ದಿನಕ್ಕೆ ಹನ್ನೊಂದು ಮುಕ್ಕಾಲು ಗಂಟೆ ಹತ್ತಿರ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕಳೆಯುವ ಸಮಯ ಬೇರೆ.

ಇಷ್ಟು ದುಡಿದರೆ ದೇಹಕ್ಕೆ ಏನಾಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜೊತೆಯಾಗಿ 2021ರಲ್ಲಿ ಒಂದು ಅಂದಾಜು ಪ್ರಕಟಿಸಿದವು. ದೀರ್ಘ ಅವಧಿಯ ದುಡಿಮೆಗೆ ಸಂಬಂಧಿಸಿದ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7 ಲಕ್ಷ 45 ಸಾವಿರ ಜನ ತೀರಿಕೊಂಡರು ಎಂಬುದು ಆ ಅಂದಾಜು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮೀರಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಎಂದೂ ಅದು ಹೇಳಿತು.

ಮನಸ್ಸಿನ ಮಾತೂ ಇದೆ. ‘ಬರ್ನ್‌ಔಟ್’ ಎಂಬ ಪದವನ್ನು ನಾವು ತಮಾಷೆಗೆ ಬಳಸುತ್ತೇವೆ. ಪ್ರಿಪರೇಟರಿ ಪರೀಕ್ಷೆ ಮುಗಿದ ಸಂಜೆ ಎಲ್ಲರೂ ಬರ್ನ್‌ಔಟ್! ಆದರೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದಕ್ಕೆ ಸ್ಪಷ್ಟ ಅರ್ಥ ಕೊಟ್ಟಿದೆ. ಅದರ ಪ್ರಕಾರ ಇದು ರೋಗವಲ್ಲ, ಕೆಲಸದ ಜಾಗದಲ್ಲಿ ಬಹಳ ಕಾಲ ಸರಿಯಾಗಿ ನಿಭಾಯಿಸದೆ ಬಿಟ್ಟ ಒತ್ತಡದ ಫಲ. ಲಕ್ಷಣಗಳು ಮೂರು: ಶಕ್ತಿಯೆಲ್ಲ ಬಸಿದುಹೋದಂತಾಗುವುದು, ಮಾಡುವ ಕೆಲಸದ ಮೇಲೆಯೇ ಬೇಸರ ಮೂಡಿ ಮನಸ್ಸು ದೂರವಾಗುವುದು, ಮೊದಲಿನಂತೆ ಕೆಲಸ ಮಾಡಲಾಗದಿರುವುದು. ಒಂದು ಭಾನುವಾರ ಮಲಗಿ ಎದ್ದರೆ ಹೋಗುವ ದಣಿವು ಇದಲ್ಲ.

ಹಾಗಾಗಿ ಹತ್ತು ವರ್ಷ ದುಡಿದವರೊಬ್ಬರು ‘ನನಗೆ ಸ್ವಲ್ಪ ಕಾಲ ದೂರ ಇರಬೇಕು’ ಎಂದರೆ ನಗಬೇಡಿ. ಅವರು ತಮ್ಮ ದೇಹ ಹೇಳಿದ್ದನ್ನು ಕೇಳಿಸಿಕೊಂಡಿರಬಹುದು.

ಒಂಬತ್ತು ಶತಮಾನಗಳ ಹಿಂದಿನ ವಿರಾಮ

ಇದು ಪಶ್ಚಿಮದವರು ಮೊನ್ನೆ ಕಂಡುಹಿಡಿದ ಫ್ಯಾಷನ್ ಎಂದು ತಿಳಿಯುವುದೂ ಸರಿಯಲ್ಲ. ಕೆಲಸ ಬಿಟ್ಟು ಪರದೇಶದಲ್ಲಿ ಇದ್ದು ಬಂದವರಲ್ಲಿ ನನಗೆ ತಿಳಿದಿರುವ ಅತ್ಯಂತ ದೊಡ್ಡ ಹೆಸರು ಇಮಾಮ್ ಗಝಾಲಿ(ರ) ಅವರದು.

1091ರಲ್ಲಿ, ಮೂವತ್ತಮೂರರ ವಯಸ್ಸಿನ ಆಸುಪಾಸಿನಲ್ಲಿ, ಅವರು ಬಗ್ದಾದಿನ ನಿಝಾಮಿಯಾ ಮದ್ರಸದ ಪ್ರಾಧ್ಯಾಪಕರಾದರು. ಆ ಕಾಲದಲ್ಲಿ ವಿದ್ವಾಂಸನೊಬ್ಬನಿಗೆ ಸಿಗಬಹುದಾದ ಅತಿ ದೊಡ್ಡ ಹುದ್ದೆಗಳಲ್ಲಿ ಅದು ಒಂದು. ಮುನ್ನೂರು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆ ಎಂದು ಅವರೇ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1095ರಲ್ಲಿ, ಅವರಿಗೆ ಪಾಠ ಮಾಡಲು ಬಾಯಿಯೇ ಬರಲಿಲ್ಲ. ಊಟ ಸೇರಲಿಲ್ಲ. ವೈದ್ಯರು, ಇದು ಮನಸ್ಸಿನಿಂದ ಹುಟ್ಟಿ ದೇಹಕ್ಕೆ ಇಳಿದದ್ದು, ಮನಸ್ಸಿನ ಭಾರ ಇಳಿಯದೆ ವಾಸಿಯಾಗದು ಎಂದು ಕೈಚೆಲ್ಲಿದರು. ಅವರ ಮನಸ್ಸಿನ ಭಾರ ಏನೆಂದರೆ, ತಾನು ಕಲಿಸುತ್ತಿರುವುದು ಅಲ್ಲಾಹನಿಗಾಗಿಯೋ ಹೆಸರಿಗಾಗಿಯೋ ಎಂಬ ಪ್ರಶ್ನೆ. ಆರು ತಿಂಗಳ ಹೊಯ್ದಾಟದ ನಂತರ ಅವರು ಹುದ್ದೆ ಬಿಟ್ಟು ಶಾಮ್ ದೇಶಕ್ಕೆ, ಅಂದರೆ ಇಂದಿನ ಸಿರಿಯಾ ಕಡೆಗೆ, ಹೊರಟರು. ದಮಾಸ್ಕಸ್ಸಿನಲ್ಲಿ ಉಮಯ್ಯದ್ ಮಸೀದಿಯ ಮಿನಾರ ಹತ್ತಿ, ಬಾಗಿಲು ಹಾಕಿಕೊಂಡು ದಿನಗಟ್ಟಲೆ ಒಬ್ಬರೇ ಇರುತ್ತಿದ್ದರು. ಅಲ್ಲಿಂದ ಜೆರುಸಲೇಮಿಗೆ, ಮುಂದೆ ಹಜ್‌ಗೆ ಹೋದರು. ಮತ್ತೆ ಅಧ್ಯಾಪನಕ್ಕೆ ಮರಳಿದ್ದು 1106ರಲ್ಲಿ, ನಿಶಾಪುರದಲ್ಲಿ. ನಡುವೆ ಸುಮಾರು ಹನ್ನೊಂದು ವರ್ಷ. ಇಂದಿಗೂ ಜಗತ್ತು ಓದುವ ‘ಇಹ್ಯಾ ಉಲೂಮಿದ್ದೀನ್’ ಗ್ರಂಥ ರೂಪುಗೊಂಡದ್ದು ಈ ಅವಧಿಯಲ್ಲೇ.

ಅವರದು ಆತ್ಮಶುದ್ಧಿಯ ಹುಡುಕಾಟ. ಇಂದಿನವರ ಆರು ತಿಂಗಳ ಬ್ರೇಕನ್ನು ಅದರ ಪಕ್ಕದಲ್ಲಿಟ್ಟು ತೂಗುವುದು ನನ್ನ ಉದ್ದೇಶವಲ್ಲ. ಆದರೆ ಹೊರಡುವ ಮೊದಲು ಅವರು ಮಾಡಿದ ಏರ್ಪಾಡು ಎಲ್ಲ ಕಾಲಕ್ಕೂ ಸಲ್ಲುವಂಥದ್ದು. ಕೈಯಲ್ಲಿದ್ದ ಸಂಪತ್ತನ್ನು ಹಂಚಿಬಿಟ್ಟರು, ಆದರೆ ಮಕ್ಕಳ ಪೋಷಣೆಗೆ ಬೇಕಾದಷ್ಟನ್ನು ತೆಗೆದಿಟ್ಟರು. ಮದ್ರಸದ ಪಾಠ ನಿಲ್ಲದಂತೆ ಅವರ ಜಾಗದಲ್ಲಿ ತಮ್ಮ ಅಹ್ಮದ್ ಗಝಾಲಿ ನಿಂತರು. ಮುಂದೆ ಮಕ್ಕಳ ಕರೆ ಅವರನ್ನು ಊರಿಗೆ ಎಳೆದು ತಂದಿತು, ಅದನ್ನೂ ಅವರೇ ಬರೆದಿದ್ದಾರೆ. ಮನೆಯವರ ಅನ್ನ, ಕೆಲಸಕ್ಕೆ ಬದಲಿ ವ್ಯಕ್ತಿ, ಮರಳುವ ದಾರಿ. ಈ ಮೂರೂ ಇದ್ದದ್ದರಿಂದಲೇ ಅದು ಓಡಿಹೋಗುವಿಕೆ ಆಗಲಿಲ್ಲ.

ಕೊನೆಯಲ್ಲಿ ಒಟ್ಟಿಗೆ ಯಾಕೆ?

ನಮ್ಮ ಕಾಲದ ಒಂದು ಉದಾಹರಣೆ ನೋಡೋಣ. ನ್ಯೂಯಾರ್ಕಿನ ಪ್ರಸಿದ್ಧ ವಿನ್ಯಾಸಕಾರ ಸ್ಟೆಫಾನ್ ಸಾಗ್‌ಮೈಸ್ಟರ್ ಏಳು ವರ್ಷಕ್ಕೊಮ್ಮೆ ತಮ್ಮ ಸ್ಟುಡಿಯೊವನ್ನು ಇಡೀ ಒಂದು ವರ್ಷ ಮುಚ್ಚುತ್ತಾರೆ. ಎರಡನೆಯ ಬಾರಿ ಮುಚ್ಚಿದಾಗ ಇಂಡೋನೇಷ್ಯಾದ ಬಾಲಿಗೆ ಹೋಗಿದ್ದರು. 2009ರ ಒಂದು ಭಾಷಣದಲ್ಲಿ ಅವರು ಇದರ ಹಿಂದಿನ ಲೆಕ್ಕ ಹೇಳಿದ್ದಾರೆ. ಬದುಕಿನ ಮೊದಲ ಸುಮಾರು 25 ವರ್ಷ ಕಲಿಯುತ್ತೇವೆ, ಮುಂದಿನ 40 ವರ್ಷ ದುಡಿಯುತ್ತೇವೆ, ಕೊನೆಯ 15 ವರ್ಷ ನಿವೃತ್ತಿ. ಆ ಕೊನೆಯ ಹದಿನೈದರಲ್ಲಿ ಐದು ವರ್ಷ ಕತ್ತರಿಸಿ ದುಡಿಮೆಯ ವರ್ಷಗಳ ನಡುನಡುವೆ ಸೇರಿಸಿದರೆ ಹೇಗೆ ಎಂಬುದು ಅವರ ಯೋಚನೆ. ಅವರು ಸ್ವಂತ ಸ್ಟುಡಿಯೊದ ಒಡೆಯರು, ರಜೆಗೆ ಯಾರ ಸಹಿಯೂ ಬೇಕಿಲ್ಲ ಎಂಬುದನ್ನು ನೆನಪಿಡಬೇಕು. ಆದರೂ ಅವರ ಲೆಕ್ಕ ನನ್ನನ್ನು ಬೇರೊಂದು ಕಡೆ ಯೋಚಿಸುವಂತೆ ಮಾಡಿತು.

ನಮ್ಮ ಬಾಪಂದಿರು ಎಲ್ಲ ವಿಶ್ರಾಂತಿಯನ್ನೂ ಕೊನೆಗೆ ಎತ್ತಿಟ್ಟವರು. ‘ಇನ್ನೆರಡು ವರ್ಷ, ಆಮೇಲೆ ಊರಲ್ಲೇ’ ಎನ್ನುತ್ತಾರೆ. ಆ ಎರಡು ವರ್ಷ ಹತ್ತಾಗುತ್ತದೆ. ಕೊನೆಗೆ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಚಾಕೊಲೇಟಿನ ಬದಲು ಬಿಪಿ, ಶುಗರಿನ ಮಾತ್ರೆಗಳಿರುತ್ತವೆ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಒಂದು ಸಣ್ಣ ಲೆಕ್ಕ ಹಾಕುತ್ತೇನೆ. ಯುಎಇಯ ಈಗಿನ ಕಾರ್ಮಿಕ ಕಾನೂನಿನಲ್ಲಿ ಒಂದು ವರ್ಷ ಪೂರೈಸಿದ ನೌಕರನಿಗೆ ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ ಇದೆ. ಸೌದಿಯಲ್ಲಿ 21 ದಿನ, ಒಬ್ಬರೇ ಮಾಲೀಕರ ಬಳಿ ಐದು ವರ್ಷ ದಾಟಿದರೆ 30 ದಿನ. ವಿಮಾನದ ಟಿಕೆಟಿನ ಖರ್ಚು ಉಳಿಸಲು ಅನೇಕರು ಎರಡು ವರ್ಷದ ರಜೆಯನ್ನು ಕೂಡಿಟ್ಟು ಒಟ್ಟಿಗೆ ಬರುತ್ತಾರೆ. ಎರಡು ವರ್ಷಕ್ಕೆ ಎರಡು ತಿಂಗಳು ಎಂದು ಹಿಡಿಯೋಣ. 25 ವರ್ಷ ಹೊರಗೆ ದುಡಿದವರು ಮನೆಯಲ್ಲಿ ಇದ್ದದ್ದು ಒಟ್ಟು 25 ತಿಂಗಳು. ಅಂದರೆ ಎರಡು ವರ್ಷ ಒಂದು ತಿಂಗಳು. ಆ ಎರಡು ತಿಂಗಳ ರಜೆಯಲ್ಲೂ ಮದುವೆಗಳು, ಸಾವಿನ ಮನೆಗಳು, ಬ್ಯಾಂಕು, ಜಾಗದ ತಕರಾರು, ಮನೆಯ ರಿಪೇರಿ. ದಣಿವಾರಿಸಿಕೊಳ್ಳಲು ಬಂದವರು ಇನ್ನಷ್ಟು ದಣಿದು ವಿಮಾನ ಹತ್ತುತ್ತಾರೆ.

‘ಹಾಗಾದರೆ ಒಂದು ವರ್ಷ ಊರಲ್ಲಿ ಇದ್ದು ಹೋಗಲಿ’ ಎನ್ನುವಂತೆಯೂ ಇಲ್ಲ. ಯುಎಇಯ ಸಾಮಾನ್ಯ ರೆಸಿಡೆನ್ಸಿ ವೀಸಾದವರು ಆರು ತಿಂಗಳು ಮೀರಿ ದೇಶದ ಹೊರಗೆ ಉಳಿದರೆ ವೀಸಾ ಅಸಿಂಧುವಾಗುತ್ತದೆ. ಸೌದಿಯಲ್ಲಿ ಎಕ್ಸಿಟ್ ರೀ-ಎಂಟ್ರಿ ಪಡೆದು ಬಂದವರು ಅದರ ಅವಧಿ ಮುಗಿಯುವ ಮೊದಲು ಮರಳಬೇಕು, ಇಲ್ಲದಿದ್ದರೆ ಇಕಾಮಾ ಕೈತಪ್ಪುತ್ತದೆ. ಕೆಲಸ ಕಳೆದುಕೊಂಡರೆ ಅಲ್ಲಿ ಉಳಿಯುವ ಹಕ್ಕೂ ಹೋಗುತ್ತದೆ. ವಿರಾಮ ಮುಗಿಸಿ ಬಂದವರಿಗೆ ತೆರೆದುಕೊಳ್ಳುವ ಬಾಗಿಲು ಇವರಿಗೆ ಇಲ್ಲ. ಅದೇ ಯುಎಇ 2023ರ ಜನವರಿಯಿಂದ ತನ್ನ ನಾಗರಿಕರಾದ ಸರ್ಕಾರಿ ನೌಕರರಿಗೆ ಸ್ವಂತ ಉದ್ಯಮ ಆರಂಭಿಸಲು ಅರ್ಧ ಸಂಬಳದೊಂದಿಗೆ ಒಂದು ವರ್ಷದ ರಜೆ ಕೊಡುತ್ತಿದೆ. ಒಂದು ದೇಶ ತನ್ನ ಪ್ರಜೆಗಳಿಗೆ ಕೊಡುವ ಸವಲತ್ತು ಅದು, ಆಕ್ಷೇಪಿಸಲು ನಾವು ಯಾರು? ಆದರೆ ಒಂದು ಪಾಠ ಮಾತ್ರ ಸ್ಪಷ್ಟ. ವಿರಾಮ ಬರೀ ಮನಸ್ಸು ಮಾಡಿದರೆ ಸಿಗುವುದಿಲ್ಲ, ಅದಕ್ಕೆ ಕಾನೂನು, ಹಣ ಮತ್ತು ಮರಳಿ ಸೇರಿಸಿಕೊಳ್ಳುವವರು ಬೇಕು.

ಹೆಸರಿಲ್ಲದ ಬ್ರೇಕ್

ಇನ್ನು ಉಮ್ಮಂದಿರ ವಿಷಯ. ಬಾಪ ಹೊರಗಿದ್ದ ಇಷ್ಟೂ ವರ್ಷ ಅಜ್ಜ-ಅಜ್ಜಿಯ ಔಷಧ, ಮಕ್ಕಳ ಶಾಲೆ, ರೇಷನ್ ಕಾರ್ಡು, ಕರೆಂಟ್ ಬಿಲ್ಲು, ತೋಟದ ಕೆಲಸ ಎಲ್ಲವನ್ನೂ ಒಬ್ಬರೇ ನಡೆಸಿದವರು ಅವರು. ಅವರಿಗೆ ವರ್ಷಕ್ಕೆ 30 ದಿನ ರಜೆ ಎಂದು ಯಾವ ಕಾನೂನೂ ಬರೆದಿಲ್ಲ. ತವರಿಗೆ ಹೋದರೂ ಎರಡನೇ ದಿನಕ್ಕೆ ‘ಯಾವಾಗ ಬರ್ತೀರಿ’ ಎಂದು ನಾವೇ ಫೋನ್ ಮಾಡುತ್ತೇವೆ.

ನಮ್ಮ ಅಕ್ಕಂದಿರಲ್ಲಿ ಪದವಿ ಮುಗಿಸಿ, ಬಿ.ಎಡ್. ಮಾಡಿ, ಕೆಲಸಕ್ಕೂ ಸೇರಿ, ಮದುವೆ-ಮಗು ಎಂದು ಕೆಲಸ ಬಿಟ್ಟವರು ಎಷ್ಟೋ ಜನ. ಅವರದೂ ಕೆರಿಯರ್ ಬ್ರೇಕೇ. ಆದರೆ ಅದನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ, ಅದರಲ್ಲಿ ವಿಶ್ರಾಂತಿಯೂ ಇಲ್ಲ. ಐದು ವರ್ಷ ಕಳೆದು ಸಂದರ್ಶನಕ್ಕೆ ಹೋದರೆ ‘ಈ ಗ್ಯಾಪ್ ಯಾಕೆ’ ಎಂಬ ಪ್ರಶ್ನೆ ಎದುರಾಗುತ್ತದೆ. ಬಾಲಿಯಲ್ಲಿ ಆರು ತಿಂಗಳು ಇದ್ದು ಬಂದವರ ಗ್ಯಾಪ್ ‘ಅನುಭವ’, ಮಗುವಿಗೆ ಹಾಲೂಡಿಸಿದವಳ ಗ್ಯಾಪ್ ‘ಕೊರತೆ’! ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗಾಗಿ ಇಡೀ ಸೇವಾವಧಿಯಲ್ಲಿ 730 ದಿನ ರಜೆ ಪಡೆಯುವ ಅವಕಾಶವಿದೆ. ಹೋದ ಮೇಲೆ ಮರಳುವ ಕುರ್ಚಿ ಹಾಗೇ ಇರುತ್ತದೆ. ಖಾಸಗಿ ಶಾಲೆಯ ಟೀಚರಿಗೆ, ಅಂಗಡಿಯ ಅಕೌಂಟೆಂಟಿಗೆ ಆ ಭಾಗ್ಯ ಎಲ್ಲಿದೆ? ವಿರಾಮದ ಬಗ್ಗೆ ಮಾತಾಡುವವರು ಇವರನ್ನು ಬಿಟ್ಟು ಮಾತಾಡಿದರೆ ಅದು ಪೂರ್ತಿ ಮಾತಲ್ಲ.

ಹೋಗಬೇಕೆನ್ನುವವರಿಗೆ

‘ನಾನೂ ಒಂದು ದಿನ ಹೋಗುತ್ತೇನೆ’ ಎಂದ ಗೆಳತಿಯರಿಗೆ, ಗೆಳೆಯರಿಗೆ ಬೇಡ ಎನ್ನುವುದಿಲ್ಲ. ಬೇರೆ ದೇಶದ ಬೀದಿಯಲ್ಲಿ ನಡೆದು, ಬೇರೆ ಭಾಷೆ ಕಿವಿಗೆ ಬಿದ್ದು, ಬೇರೆಯವರ ಊಟ ಉಂಡು ಬಂದವರ ಮನಸ್ಸು ದೊಡ್ಡದಾಗುತ್ತದೆ. ಆದರೆ ಕಣ್ಣು ತೆರೆದು ಹೋಗಿ.

ಒಂದು ನಿಜವಾದ ದಾರಿಯನ್ನೇ ನೋಡಿ. ಭಾರತದ ಜೊತೆಗಿನ ವ್ಯಾಪಾರ ಒಪ್ಪಂದದ ಫಲವಾಗಿ ಆಸ್ಟ್ರೇಲಿಯಾ 2024ರಲ್ಲಿ ತನ್ನ ‘ವರ್ಕ್ ಆ್ಯಂಡ್ ಹಾಲಿಡೇ’ ವೀಸಾವನ್ನು ಭಾರತೀಯರಿಗೂ ತೆರೆಯಿತು. 18ರಿಂದ 30 ವರ್ಷದೊಳಗಿನವರು ಒಂದು ವರ್ಷ ಅಲ್ಲಿ ಇದ್ದು, ಸುತ್ತಾಡಿ, ಖರ್ಚಿಗೆ ಬೇಕಾದಷ್ಟು ಕೆಲಸವನ್ನೂ ಮಾಡಬಹುದು. ಕೇಳಲು ಚೆಂದ. ಆದರೆ ನಮ್ಮ ಇಡೀ ದೇಶಕ್ಕೆ ವರ್ಷಕ್ಕೆ ಇರುವುದು 1000 ಜಾಗ, ಅದೂ ಲಾಟರಿ ಎತ್ತಿ. ಪಿಯುಸಿ ನಂತರ ಕನಿಷ್ಠ ಎರಡು ವರ್ಷದ ಓದು ಮುಗಿದಿರಬೇಕು, ಇಂಗ್ಲಿಷ್ ಬರಬೇಕು. ಖಾತೆಯಲ್ಲಿ ಸುಮಾರು 5000 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು. ನಮ್ಮ ಹಣದಲ್ಲಿ ಅದು ಮೂರು ಲಕ್ಷ ರೂಪಾಯಿಯ ಹತ್ತಿರ, ವಿಮಾನದ ಟಿಕೆಟು ಬೇರೆ. ಹೆಸರು ಲಾಟರಿಯಲ್ಲಿ ಬರುವಂತೆ ಮಾಡಿಕೊಡುತ್ತೇನೆ ಎನ್ನುವ ಏಜೆಂಟ್ ಸಿಕ್ಕಿದರೆ ಅವನ ಅಂಗಡಿಯಿಂದ ಬೇಗ ಹೊರಬನ್ನಿ, ಲಾಟರಿಯಲ್ಲಿ ಏಜೆಂಟರ ಕೈ ನಡೆಯುವುದಿಲ್ಲ. ಇನ್ನು ಟೂರಿಸ್ಟ್ ವೀಸಾದಲ್ಲಿ ಹೋಗಿ ಗುಟ್ಟಾಗಿ ಕೆಲಸ ಮಾಡುವ ಯೋಚನೆಯಂತೂ ಬೇಡವೇ ಬೇಡ. ಅಲ್ಲಿ ಹಿಡಿದರೆ ದಣಿವಾರಿಸಿಕೊಳ್ಳುವುದು ಲಾಕಪ್ಪಿನಲ್ಲಿ.

ಹಣದ ಪ್ರಶ್ನೆ ಬಂತಲ್ಲ, ಅದನ್ನೂ ನೋಡೋಣ. ಗೋಕರ್ಣದ ಓಂ ಬೀಚಿನಲ್ಲಿ, ಕುಡ್ಲೆಯಲ್ಲಿ ತಿಂಗಳುಗಟ್ಟಲೆ ಉಳಿಯುವ ಯುರೋಪಿನ ಯುವಕ-ಯುವತಿಯರನ್ನು ನಾವು ಕಂಡಿದ್ದೇವೆ. ಅವರೆಲ್ಲ ಶ್ರೀಮಂತರ ಮಕ್ಕಳೇ ಆಗಿರಬೇಕೆಂದಿಲ್ಲ. ಅವರ ದೇಶದಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆದು ಉಳಿಸಿದ ಯೂರೋ ನಮ್ಮ ದೇಶದಲ್ಲಿ ಬಹಳ ದಿನ ಬಾಳುತ್ತದೆ. ನಮ್ಮ ರೂಪಾಯಿ ಅವರ ದೇಶಕ್ಕೆ ಹೋದರೆ ಕರಗಿಹೋಗುತ್ತದೆ. ಆದ್ದರಿಂದ ಅವರಿಗೆ ಸುಲಭವಾದದ್ದು ನಮಗೂ ಅಷ್ಟೇ ಸುಲಭ ಎಂದು ತಿಳಿಯಬಾರದು. ರೀಲ್ಸ್‌ನಲ್ಲಿ ಸಮುದ್ರ ಕಾಣುತ್ತದೆ, ಬ್ಯಾಂಕ್ ಪಾಸ್‌ಬುಕ್ ಕಾಣುವುದಿಲ್ಲ.

ಆದರೂ ಇದು ಅಸಾಧ್ಯವಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಿನಿಂದ 4000 ರೂಪಾಯಿಯ ಆರ್‌.ಡಿ. ಕಟ್ಟಿದರೆ ಐದು ವರ್ಷಕ್ಕೆ ಅಸಲೇ 2 ಲಕ್ಷ 40 ಸಾವಿರ. ಕಡಿಮೆ ಖರ್ಚಿನ ದೇಶವೊಂದರಲ್ಲಿ ಕೆಲವು ತಿಂಗಳು ಸರಳವಾಗಿ ಇದ್ದು ಬರಲು ಅದು ಆಧಾರವಾಗಬಹುದು. ಸಾಲ ಮಾಡಿ ಮಾತ್ರ ಹೋಗಬಾರದು. ಸಾಲ ತೆಗೆದು ಪಡೆದ ವಿಶ್ರಾಂತಿಯ ಕಂತನ್ನು ಮರಳಿ ಬಂದ ಮೇಲೆ ಇಮ್ಮಡಿ ದಣಿವಿನಿಂದ ಕಟ್ಟಬೇಕಾಗುತ್ತದೆ. ಹೊರಡುವಾಗ ಪಿಎಫ್ ಹಣವನ್ನು ಪೂರ್ತಿ ತೆಗೆದು ಖರ್ಚು ಮಾಡುವುದೂ ಬೇಡ. ಆ ಯೋಜನೆಯ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಮಧ್ಯೆ ಪಿಂಚಣಿಯ ಹಣವನ್ನೂ ತೆಗೆದುಬಿಟ್ಟರೆ ಲೆಕ್ಕ ಮತ್ತೆ ಮೊದಲಿನಿಂದ. ರಾಜೀನಾಮೆ ಕೊಡುವ ಮೊದಲು ಸಂಬಳವಿಲ್ಲದ ರಜೆ ಸಿಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳದೆ ಬಿಟ್ಟ ರಜೆ ಯಾರಿಗೂ ಸಿಕ್ಕಿದ್ದಿಲ್ಲ.

ನೀಟ್‌ಗಾಗಿ ಒಂದು ವರ್ಷ ಲಾಂಗ್ ಟರ್ಮ್ ಕೂರುವವರನ್ನು ‘ಬ್ರೇಕ್ ತಗೊಂಡಿದ್ದಾರೆ’ ಎಂದು ಯಾರೂ ಹೇಳಬೇಡಿ. ಅವರು ವಿರಮಿಸುತ್ತಿಲ್ಲ, ನಮಗಿಂತ ಹೆಚ್ಚು ದುಡಿಯುತ್ತಿದ್ದಾರೆ. ಅವರಿಗೂ ವಾರಕ್ಕೊಂದು ಸಂಜೆ ಪುಸ್ತಕ ಮುಚ್ಚುವ ಹಕ್ಕಿದೆ.

ಮೊದಲು ಯಾರಿಗೆ?

ಹಾಗಾದರೆ ನಾವು ಮಾಡಬೇಕಾದ್ದೇನು? ನನಗೆ ತೋಚಿದ ಮೂರು ಮಾತು ಹೇಳುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಬರೆಯಲಿ.

ಮೊದಲನೆಯದು ಕಾಲೇಜಿಗೆ. ನಮ್ಮ ಉಪನ್ಯಾಸಕರೂ ದಣಿಯುತ್ತಾರೆ. ಪಾಠ, ಮೌಲ್ಯಮಾಪನ, ದಾಖಲಾತಿ, ಚುನಾವಣಾ ಕರ್ತವ್ಯ ಎಲ್ಲ ಸೇರಿದರೆ ಅವರ ಬೇಸಿಗೆ ರಜೆಯೂ ಅರ್ಧ ಉಳಿಯುವುದಿಲ್ಲ. ಹಲವು ವರ್ಷ ಸೇವೆ ಸಲ್ಲಿಸಿದವರು ಓದಲಿಕ್ಕೋ ಪ್ರಯಾಣಕ್ಕೋ ಮನೆಯ ಆರೈಕೆಗೋ ಕೆಲವು ತಿಂಗಳು ಕೇಳಿದರೆ, ಸಂಬಳ ಇಲ್ಲದಿದ್ದರೂ ಹುದ್ದೆ ಉಳಿಸಿಕೊಡುವ ಒಂದು ನಿಯಮವನ್ನು ನಮ್ಮ ಆಡಳಿತ ಮಂಡಳಿ ಯೋಚಿಸಬಹುದೇ? ಅವರ ಪಾಠಗಳನ್ನು ತಾತ್ಕಾಲಿಕವಾಗಿ ವಹಿಸಲು ನಮ್ಮ ಹಳೆ ವಿದ್ಯಾರ್ಥಿಗಳಲ್ಲೇ ಅರ್ಹರಿದ್ದಾರೆ, ಅವರಿಗೂ ಅನುಭವ ಸಿಕ್ಕಂತಾಗುತ್ತದೆ. ಮಗುವಿಗಾಗಿ ಕೆಲಸ ಬಿಟ್ಟ ಮೇಡಂ ಒಬ್ಬರು ಮೂರು ವರ್ಷದ ನಂತರ ಅದೇ ಕುರ್ಚಿಗೆ ಮರಳಿದರೆ, ಅದನ್ನು ನೋಡುವ ನಮ್ಮಂಥ ಹುಡುಗಿಯರಿಗೆ ಅದಕ್ಕಿಂತ ದೊಡ್ಡ ಪಾಠ ಬೇರೆ ಬೇಕಿಲ್ಲ.

ಎರಡನೆಯದು ನಮಗೇ. ಉದ್ಯೋಗ ಹುಡುಕುವಾಗ ಸಂಬಳದ ಜೊತೆ ರಜೆಯನ್ನೂ ಕೇಳಿ ತಿಳಿದುಕೊಳ್ಳೋಣ. 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕರಿಗೆ 20 ದಿನದ ದುಡಿಮೆಗೆ ಒಂದು ದಿನದಂತೆ ಸಂಬಳ ಸಹಿತ ರಜೆಯನ್ನು ಬರೆದಿಟ್ಟಿತು. ಸ್ವಾತಂತ್ರ್ಯ ಬಂದ ಮರುವರ್ಷವೇ ದೇಶ ಅಷ್ಟನ್ನು ಯೋಚಿಸಿತ್ತು. ರಜೆ ಮಾಲೀಕರ ಔದಾರ್ಯವಲ್ಲ, ದುಡಿದವನ ಗಳಿಕೆ. ಇದನ್ನು ತಿಳಿಯದೆ ಹತ್ತು ವರ್ಷ ರಜೆಯಿಲ್ಲದೆ ದುಡಿದು, ಒಂದು ದಿನ ಸಿಟ್ಟಿನಲ್ಲಿ ರಾಜೀನಾಮೆ ಎಸೆದು ಹೋಗುವುದಕ್ಕಿಂತ, ಪ್ರತಿ ವರ್ಷ ಸಿಗಬೇಕಾದ್ದನ್ನು ಪಡೆದುಕೊಳ್ಳುವುದು ಜಾಣತನ.

ಮೂರನೆಯದು ಮನೆಗೆ. ಇದೇ ನನಗೆ ಮುಖ್ಯ. ನಾವು ದುಡಿಯಲು ತೊಡಗಿದ ಮೇಲೆ ನಮ್ಮ ಮನೆಯ ಮೊದಲ ಬ್ರೇಕ್ ನಮ್ಮದಾಗಬಾರದು. ಮೊದಲ ಆರ್‌.ಡಿ. ಬಾಪನ ಹೆಸರಿನಲ್ಲಿ ಇರಲಿ. ಎರಡು ತಿಂಗಳ ಬದಲು ನಾಲ್ಕೈದು ತಿಂಗಳು ಅವರು ಊರಲ್ಲಿ ಉಳಿಯಲಿ, ಆ ತಿಂಗಳುಗಳ ಮನೆಖರ್ಚನ್ನು ನಾವು ನೋಡಿಕೊಳ್ಳೋಣ. ವೀಸಾದ ಗಡುವು ಮೀರದಂತೆ ತಾರೀಕಿನ ಲೆಕ್ಕವನ್ನೂ ನಾವೇ ಇಡೋಣ. ಬ್ಯಾಂಕಿನ ಓಡಾಟ, ರಿಪೇರಿ, ಜಾಗದ ಕಾಗದ ಇವನ್ನೆಲ್ಲ ಅವರು ಬರುವ ಮೊದಲೇ ಮುಗಿಸಿಡೋಣ. ಉಮ್ಮನಿಗೆ ಪಾಸ್‌ಪೋರ್ಟ್ ಮಾಡಿಸೋಣ. ಗಂಡ ಇಪ್ಪತ್ತು ವರ್ಷ ಕಳೆದ ನಗರ ಹೇಗಿದೆ, ಅವರು ಮಲಗುವ ಕೋಣೆ ಎಷ್ಟು ದೊಡ್ಡದು ಎಂದು ವಿಡಿಯೋ ಕಾಲ್‌ನಲ್ಲಿ ಅಲ್ಲ, ಕಣ್ಣಾರೆ ನೋಡಿ ಬರಲಿ. ಒಂದು ತಿಂಗಳ ಮಟ್ಟಿಗೆ ಅಡುಗೆ ಮನೆಯ ಬೀಗದ ಕೈ ನಮ್ಮ ಬಳಿ ಇರಲಿ.

ಇದಾದ ಮೇಲೆ ನಮ್ಮ ಸರದಿ ಬರುತ್ತದೆ, ಆಗ ಹೋಗೋಣ. ಬಾಲಿಯೋ ಇಸ್ತಾಂಬುಲ್ಲೋ ಆಸ್ಟ್ರೇಲಿಯಾವೋ, ಎಲ್ಲಿಗಾದರೂ ಸರಿ. ಮನೆಯವರಿಗೆ ಅನ್ನದ ವ್ಯವಸ್ಥೆ ಮಾಡಿ, ಕೆಲಸ ನೋಡಿಕೊಳ್ಳುವವರನ್ನು ಗೊತ್ತು ಮಾಡಿ, ಮರಳುವ ತಾರೀಕು ಹೇಳಿ ಹೊರಟವರಿಗೆ ಬೀಳ್ಕೊಡಲು ಬಂದವರ ಮುಖದಲ್ಲೂ ಸಮಾಧಾನ ಇರುತ್ತದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ